ಉದ್ದದ ಕೋಲು, ಗಿಡ್ಡ ಕೋಲು

'ದಂಡ' ಎಂಬ ಶಬ್ದಕ್ಕೆ ಕೋಲು, ಶಿಕ್ಷೆ, ಜುಲ್ಮಾನೆ ಎಂಬ ಅರ್ಥಗಳು ಒಟ್ಟಿಗೇ ಇವೆ. ಕೋಲು ಹಿಡಿದವನದೇ ಅಧಿಕಾರ ಎಂಬ ಹಳೆಯ ಅನುಭವ ಈ ಒಂದೇ ಶಬ್ದದಲ್ಲಿ ಅಡಗಿದೆ. ಆದರೆ ಯಾವ ಅಧಿಕಾರವೂ ಇಲ್ಲದ ದಾರಿಹೋಕನ, ಕುರಿ ಕಾಯುವವನ ಕೈಗೆ ಎಟುಕಿದ ಆಯುಧವೂ ಕೋಲೇ. ಆತ್ಮರಕ್ಷಣೆಗೆ ಉದ್ದದ ಕೋಲು ಮೇಲೋ ಗಿಡ್ಡ ಕೋಲು ಮೇಲೋ ಎಂಬುದನ್ನು ಗರಡಿಮನೆಯ ಪ್ರಶ್ನೆಯಾಗಿ ಮಾತ್ರ ನೋಡಿದರೆ ಅರ್ಧ ಉತ್ತರವಷ್ಟೇ ದೊರೆಯುತ್ತದೆ. ಕೋಲಿನ ಅಳತೆಯನ್ನು ಗೊತ್ತುಮಾಡುವಲ್ಲಿ ತೋಳ್ಬಲದೊಂದಿಗೆ ಸ್ಥಳ, ಕಾಲ, ಕಾನೂನುಗಳಿಗೂ ಪಾಲಿದೆ ಎಂಬುದನ್ನು ನಾವು ಮರೆಯಬಾರದು.

ಕೇರಳದ ಕಳರಿಗಳು ಇವೆರಡನ್ನು ಒಂದೇ ವಿದ್ಯೆಯ ಎರಡು ಮೆಟ್ಟಿಲುಗಳಾಗಿ ಕಂಡವು. ಮೈ ಪಳಗಿಸುವ ಮೆಯ್ತಾರಿಯ ಬಳಿಕ ಕೋಲ್ತಾರಿ. ಅದರಲ್ಲಿ ಮೊದಲು ಸುಮಾರು ಹನ್ನೆರಡು ಗೇಣಿನ ಕೆಟ್ಟುಕಾರಿ, ಅನಂತರ ಮೂರು ಗೇಣಿನ ಮುಚ್ಚಾಣ್. ಕತ್ತಿ, ಗುರಾಣಿಗಳ ಅಂಕತ್ತಾರಿಯ ಸರದಿ ಆಮೇಲಿನದು. ಎದುರಾಳಿಯನ್ನು ದೂರದಲ್ಲಿ ನಿಲ್ಲಿಸುವುದನ್ನು ಕಲಿತವನಿಗೇ ಅವನ ಸಮೀಪಕ್ಕೆ ಹೋಗುವ ಅನುಮತಿ. ಪಕ್ಕದ ತಮಿಳುನಾಡಿನ ಸಿಲಂಬವು ಹಣೆಯ ಮಟ್ಟಕ್ಕೆ ಬರುವ ಬಿದಿರುಕೋಲನ್ನು ನೆಚ್ಚಿಕೊಂಡಿತು. ಬೀಸಿ ತಿರುಗುವ ಆ ಕೋಲು ಆಟಗಾರನ ಸುತ್ತ ಬೇಲಿಯನ್ನೇ ಕಟ್ಟುತ್ತದೆ. ಒಬ್ಬನು ಹಲವರನ್ನು ತಡೆಯಬೇಕಾದಾಗ ಇದಕ್ಕಿಂತ ಮಿಗಿಲಾದ ಉಪಾಯ ಕಡಿಮೆ. ಆದರೆ ಆ ಬೇಲಿಗೆ ಬಯಲು ಬೇಕು.

ಉದ್ದವನ್ನು ಬೇಕೆಂದೇ ಕಡಿಮೆ ಮಾಡಿದ ಪ್ರಸಿದ್ಧ ಕಥೆ ಜಪಾನಿನದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಮುಸೋ ಗೊನ್ನೊಸುಕೆ ಎಂಬ ವೀರನು ಖಡ್ಗನಿಪುಣ ಮಿಯಾಮೊಟೊ ಮುಸಾಶಿಗೆ ಸೋತು, ಹೋಮನ್ ಬೆಟ್ಟದಲ್ಲಿ ತಪಸ್ಸಿಗೆ ಕುಳಿತು, ಹೊಸ ಅಳತೆಯ ಕೋಲಿನೊಡನೆ ಇಳಿದು ಬಂದನೆಂದು ಪರಂಪರೆ ಹೇಳುತ್ತದೆ. ಸುಮಾರು 182 ಸೆಂಟಿಮೀಟರಿನ 'ಬೋ' ಹೋಗಿ ಸುಮಾರು 128 ಸೆಂಟಿಮೀಟರಿನ 'ಜೋ' ಬಂದಿತು. ಐತಿಹ್ಯವನ್ನು ಬದಿಗಿಟ್ಟರೂ ಅಳತೆಯ ತರ್ಕ ಉಳಿಯುತ್ತದೆ: ಕತ್ತಿಗಿಂತ ಉದ್ದ, ದೊಡ್ಡ ಕೋಲಿಗಿಂತ ಚುರುಕು; ಕೈ ಬದಲಿಸುತ್ತ ಎರಡು ತುದಿಗಳನ್ನೂ ಬಳಸಬಹುದು. ಫುಕುವೊಕದ ಕುರೋದ ಮನೆತನದ ಆಶ್ರಯದಲ್ಲಿ ಬೆಳೆದ ಈ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಟೋಕಿಯೊ ಪೊಲೀಸರು ಕಲಿತರು.

ಭಾರತದಲ್ಲಿ ಕೋಲಿನ ಮಹತ್ವವನ್ನು ಹೆಚ್ಚಿಸಿದ್ದು ಒಂದು ಶಾಸನ. 1878ರ ಶಸ್ತ್ರ ಕಾಯ್ದೆಯು ಬಂದೂಕಿಗೂ ಕತ್ತಿಗೂ ಪರವಾನಗಿಯ ಬೀಗ ಹಾಕಿತು. ಕೊಡವರಿಗೆ ಮಾತ್ರ ಮಾರ್ಕ್ ಕಬ್ಬನ್ 1861ರಲ್ಲೇ ಕೊಟ್ಟಿದ್ದ ವಿನಾಯಿತಿ ಇತ್ತು. ಅವರ ಪುತ್ತರಿಯ ಪರಿಯಕಳಿಯಲ್ಲಿ ಬೆತ್ತದ ಏಟು ಮೊಣಕಾಲಿನ ಕೆಳಗೇ ಬೀಳಬೇಕೆಂಬ ಕಟ್ಟಳೆಯಿದೆ. ಬಂದೂಕು ಉಳಿಸಿಕೊಂಡ ಜನ ಕೋಲಿನ ಮಿತಿಯನ್ನೂ ಉಳಿಸಿಕೊಂಡರು. ಉಳಿದ ಭಾರತೀಯರ ಪಾಲಿಗೆ ಲಾಠಿಯೇ ಗತಿಯಾಯಿತು. 1902ರಲ್ಲಿ ಕಲ್ಕತ್ತೆಯಲ್ಲಿ, 1906ರಲ್ಲಿ ಢಾಕಾದಲ್ಲಿ ಆರಂಭವಾದ ಅನುಶೀಲನ ಸಮಿತಿಗಳಲ್ಲಿ ಲಾಠಿ ಕಲಿಕೆಗೆ ದೊಡ್ಡ ಸ್ಥಾನವಿತ್ತು. ಢಾಕಾದ ಪುಲಿನ್ ಬಿಹಾರಿ ದಾಸ್ ಅದನ್ನು ಶಾಸ್ತ್ರಬದ್ಧವಾಗಿ ಕಲಿಸಿದರು. ವ್ಯಾಯಾಮದ ಹೆಸರಿನಲ್ಲಿ ಅಲ್ಲಿ ಬೆಳೆಯುತ್ತಿದ್ದುದು ಆತ್ಮಗೌರವ.

ಅದೇ ಕಾಲಕ್ಕೆ ಯುರೋಪಿನ ನಗರಗಳಲ್ಲಿ ಗಿಡ್ಡ ಕೋಲಿನ ದಿನಗಳು ಬಂದಿದ್ದವು. ಆಳೆತ್ತರದ ದೊಣ್ಣೆ ಹಿಡಿದು ಲಂಡನ್ನಿನ ಬೀದಿಯಲ್ಲಿ ನಡೆದರೆ ಪೊಲೀಸರೇ ತಡೆದಾರು. ಊರುಗೋಲನ್ನು ಯಾರೂ ಪ್ರಶ್ನಿಸರು. ಸ್ವಿಟ್ಜರ್ಲೆಂಡಿನ ಪಿಯರ್ ವಿನ್ಯಿ ರೂಪಿಸಿದ ಊರುಗೋಲಿನ ವರಸೆಗಳನ್ನು ಬಾರ್ಟನ್-ರೈಟ್ 1901ರಲ್ಲಿ ಪಿಯರ್ಸನ್ಸ್ ಮ್ಯಾಗಜೀನಿನಲ್ಲಿ ವಿವರಿಸಿದರು. ಊರುಗೋಲಿಗೆ ಕತ್ತಿಯಂತೆ ಹಿಡಿಯ ಕವಚವಿಲ್ಲ. ಮೊದಲ ಏಟು ಬೆರಳಿಗೇ ಬೀಳುತ್ತದೆ. ಆದ್ದರಿಂದ ಕೈಯನ್ನು ಎದುರಾಳಿಯ ಏಟಿಗೆ ಸಿಗದಷ್ಟು ಎತ್ತರದಲ್ಲಿ ಇರಿಸಿಕೊಳ್ಳುವುದೇ ಈ ಪದ್ಧತಿಯ ಜೀವಾಳ. 1923ರಲ್ಲಿ ಭಾರತದ ಪೊಲೀಸ್ ಅಧಿಕಾರಿ ಎಚ್. ಜಿ. ಲ್ಯಾಂಗ್ ಇದೇ ಪದ್ಧತಿಯನ್ನು ಆಧರಿಸಿ ಪುಸ್ತಕವನ್ನೇ ಬರೆದರು.

ಹೀಗಿರಲು ಯಾವುದು ಮೇಲು? ಉದ್ದದ ಕೋಲು ಅಂತರವನ್ನು ಕಾಯುತ್ತದೆ. ಎರಡು ಕೈಗಳ ಬಲವೂ ಎರಡು ತುದಿಗಳ ಉಪಯೋಗವೂ ಅದಕ್ಕುಂಟು. ಚಾಳಿನ ಮೆಟ್ಟಿಲಿನಲ್ಲಿ, ರೈಲುಡಬ್ಬಿಯಲ್ಲಿ ಅದೇ ಉದ್ದ ಹೊರೆಯಾಗುತ್ತದೆ. ಎದುರಾಳಿ ಒಮ್ಮೆ ಒಳನುಗ್ಗಿ ಕೋಲನ್ನು ಹಿಡಿದನೆಂದರೆ ನಮ್ಮ ಎರಡು ಕೈಗಳೂ ಕಟ್ಟಿದಂತೆಯೇ. ಗಿಡ್ಡ ಕೋಲು ಒಂದು ಕೈಯನ್ನು ಬಿಡುವಾಗಿರಿಸುತ್ತದೆ, ಇಕ್ಕಟ್ಟಿನಲ್ಲೂ ತಿರುಗುತ್ತದೆ, ಸದಾ ಜೊತೆಗಿರಬಲ್ಲದು. ಆದರೆ ಅಪಾಯದ ಅಳವಿಗೆ ಹೋಗದೆ ಅದು ಕೆಲಸ ಮಾಡದು. ನಗರವಾಸಿಗೆ ಗಿಡ್ಡ ಕೋಲೇ ಹೆಚ್ಚು ಉಪಯುಕ್ತವೆಂದು ನಾವು ಎಣಿಸುತ್ತೇವೆ. ಸಂದರ್ಭ ಬಂದಾಗ ಕೈಯಲ್ಲಿಲ್ಲದ ಆಯುಧದ ಗುಣಗಾನದಿಂದ ಪ್ರಯೋಜನವಿಲ್ಲ. ಅಭ್ಯಾಸವಿಲ್ಲದವನಿಗಂತೂ ಎರಡೂ ಒಂದೇ: ಕೋಲು ಕೊಟ್ಟು ಹೊಡೆಸಿಕೊಂಡ ಗತಿಯಾದೀತು.

ಆದರೆ ಕೋಲಿನ ಚರಿತ್ರೆ ಇಬ್ಬರ ಕಾದಾಟಕ್ಕೆ ಮುಗಿಯುವುದಿಲ್ಲ. 1928ರ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಪೊಲೀಸರ ಲಾಠಿಯೇಟು ತಿಂದ ಲಾಲಾ ಲಜಪತರಾಯರು ನವೆಂಬರ್ 17ರಂದು ತೀರಿಕೊಂಡರು. 1930ರ ಮೇ 21ರಂದು ಧರಾಸಣದ ಉಪ್ಪಿನ ಕೋಠಿಯ ಮುಂದೆ ಸತ್ಯಾಗ್ರಹಿಗಳು ಸಾಲುಸಾಲಾಗಿ ನಡೆದು, ಏಟು ತಡೆಯಲು ಕೈಯನ್ನೂ ಎತ್ತದೆ ಬಿದ್ದರು. ಅಮೆರಿಕದ ಪತ್ರಕರ್ತ ವೆಬ್ ಮಿಲ್ಲರ್ ಕಳುಹಿಸಿದ ವರದಿಯಿಂದ ಜಗತ್ತು ಅದನ್ನು ತಿಳಿಯಿತು. ಆ ದಿನ ವರಸೆಗಳ ತಕ್ಕಡಿಯಲ್ಲಿ ಲಾಠಿ ಗೆದ್ದಿತು, ಲಾಠಿ ಹಿಡಿಸಿದ ಸರಕಾರ ಸೋತಿತು.

ಹಾಗೆಂದು ಸಾಮಾನ್ಯನು ಪ್ರತಿ ಏಟಿಗೂ ಮೈಯೊಡ್ಡಬೇಕೆಂದು ಯಾರೂ ಹೇಳಲಾರರು. 1860ರ ಭಾರತೀಯ ದಂಡ ಸಂಹಿತೆಯೇ 96ರಿಂದ 106ರವರೆಗಿನ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕನ್ನು ಮನ್ನಿಸಿತ್ತು. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಸಲ್ಲದೆಂದು 99ನೆಯ ಕಲಮು ಗೆರೆ ಎಳೆದಿತ್ತು. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳಲ್ಲಿ ಆ ಹಕ್ಕೂ ಆ ಗೆರೆಯೂ ಮುಂದುವರಿದಿವೆ. ಕತ್ತಿಗೂ ಬಂದೂಕಿಗೂ ಈ ಗೆರೆಯೊಳಗೆ ನಿಲ್ಲುವುದು ಕಷ್ಟ. ಉದ್ದದ್ದಾಗಲಿ ಗಿಡ್ಡದ್ದಾಗಲಿ, ತಡೆಯಲು, ತಳ್ಳಲು, ಕೈಗೋ ಕಾಲಿಗೋ ತಟ್ಟಿ ನಿಲ್ಲಿಸಲು ಕೋಲಿನಲ್ಲಿ ಅವಕಾಶವಿದೆ. ಬೀಸುವವನು ಏಟನ್ನು ಅಳೆದು ಕೊಡಬಲ್ಲನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದ ನಮ್ಮ ಹಿರಿಯರು ಕಾನೂನಿನ ಈ ಮಾತನ್ನು ಮೊದಲೇ ಬಲ್ಲವರಾಗಿದ್ದರು.