ಗಾಳಿಯ ಪಟ, ಜನರ ಪಟ



ಭೂಪಟವೆಂದೊಡನೆ ದೇಶಗಳ ಎಲ್ಲೆ, ನದಿ, ಪರ್ವತಗಳು ನಮ್ಮ ಕಣ್ಣಮುಂದೆ ನಿಲ್ಲುವುವು. ಆದರೆ ಯಾವುದಾದರೊಂದೇ ವಿಷಯವನ್ನು ಹಿಡಿದು ಲೋಕವನ್ನೆಲ್ಲ ತೋರಿಸುವ ಪಟಗಳೂ ಉಂಟು. 1686ರಲ್ಲಿ ಎಡ್ಮಂಡ್ ಹ್ಯಾಲಿಯು ಸಮುದ್ರದ ಮೇಲಣ ಮಾರುತಗಳ ಪಟವನ್ನು ಪ್ರಕಟಿಸಿದನು. 1817ರಲ್ಲಿ ಹಂಬೋಲ್ಟನು ಸಮಾನ ಉಷ್ಣತೆಯುಳ್ಳ ಸ್ಥಳಗಳನ್ನು ಗೆರೆಗಳಿಂದ ಕೂಡಿಸಿದನು. ಅವನ ಪ್ರೇರಣೆಯಿಂದ ಬರ್ಗ್‌ಹೌಸನು 1838ರಿಂದ 1848ರ ವರೆಗೆ ಹೊರತಂದ ಭೌತಿಕ ಅಟ್ಲಾಸಿನಲ್ಲಿ ಎಂಟು ಭಾಗಗಳಿದ್ದುವು. ಹವೆ, ಜಲ, ಶಿಲೆ, ಕಾಂತಶಕ್ತಿ, ಸಸ್ಯ, ಪ್ರಾಣಿಗಳಾದ ಮೇಲೆ ಮನುಷ್ಯನೂ ಅವನ ಜನಾಂಗಗಳೂ ಬಂದುವು. ಗಾಳಿಯನ್ನು ಬರೆದ ರೀತಿಯಲ್ಲಿಯೇ ಜನರನ್ನೂ ಬರೆಯಬಹುದೆಂಬ ಭಾವನೆ ಹೀಗೆ ಬಲಗೊಂಡಿತು.

ಈ ಭಾವನೆ ಎಷ್ಟರಮಟ್ಟಿಗೆ ಸರಿ? ನಮ್ಮ ನಾಡಿನ ಉತ್ತರದ ತುದಿಯಲ್ಲಿರುವ ಬೀದರ್ ಸೀಮೆಯನ್ನು ನೋಡೋಣ. ಬೀದರ್ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಅದರಡಿಯಲ್ಲಿ ಕಪ್ಪು ಬಸಾಲ್ಟ್ ಶಿಲೆ. ಮಳೆಯ ನೀರು ಕೆಂಪು ಕಲ್ಲಿನೊಳಗೆ ಇಳಿದು, ಕೆಳಗಣ ಬಿಗಿಯಾದ ಶಿಲೆಯ ಮೇಲೆ ನಿಲ್ಲುತ್ತದೆ. ಬಹಮನಿ ಅರಸರ ಕಾಲದ ‘ಕರೇಜ್’ ಎಂಬ ಸುರಂಗಕಾಲುವೆಗಳು ಈ ನೀರನ್ನೇ ಹಿಡಿದು ತಂದವು. ಶಿಲೆಯ ಪಟದಲ್ಲಿನ ಗೆರೆಯು ನೆಲದಲ್ಲಿಯೂ ಇದೆ. ಅಗೆದವನಿಗೆ ಅದು ಸಿಕ್ಕಿತು.

ಭಾಷೆಯ ಗೆರೆ ಅಂಥದಲ್ಲ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ ಇರುವ ಈ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಕೂಡಿ ಬಾಳುತ್ತಿವೆ. ಮನೆಯಲ್ಲಿ ಒಂದನ್ನೂ ಸಂತೆಯಲ್ಲಿ ಇನ್ನೊಂದನ್ನೂ ಆಡುವವರುಂಟು. ಆದರೆ ಗಣತಿಯಲ್ಲಿ ಒಬ್ಬನಿಗೆ ಮಾತೃಭಾಷೆ ಒಂದೇ, ಪಟದಲ್ಲಿ ಒಂದೆಡೆಗೆ ಬಣ್ಣವೂ ಒಂದೇ. ಗ್ರಿಯರ್ಸನ್ನರ ಪ್ರಸಿದ್ಧವಾದ ಭಾರತೀಯ ಭಾಷಾ ಸಮೀಕ್ಷೆಯಾದರೂ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಒಳಗೊಳ್ಳಲಿಲ್ಲ.

ಆದರೂ ಗೆರೆಯೆಳೆಯುವ ದಿನ ಬಂದಿತು. 1956ನೆಯ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೆ. ಜಹೀರಾಬಾದ್, ನಾರಾಯಣಖೇಡಗಳು ಆಂಧ್ರ ಪ್ರದೇಶಕ್ಕೆ. ಜನರು ತಮ್ಮ ನುಡಿಯಲ್ಲಿ ಆಡಳಿತವನ್ನು ಕಾಣಬೇಕೆಂಬ ಆ ಉದ್ದೇಶ ದೊಡ್ಡದು. ಅದರಿಂದ ಒದಗಿದ ಹಿತವೂ ದೊಡ್ಡದು. ಆದರೆ ಗೆರೆಯ ಎರಡು ಕಡೆಯಲ್ಲಿಯೂ ಬೇರೆ ನುಡಿಯ ಮನೆಗಳು ಉಳಿದುವು.

ಆದಕಾರಣ ಇಂಥ ಪಟವನ್ನು ಬಿಡಿಸಿದಾಗ ಎರಡು ಬಣ್ಣಗಳು ಕೂಡುವ ಎಡೆಯನ್ನು ನಿಧಾನವಾಗಿ ನೋಡಬೇಕು. ಅಲ್ಲಿರುವುದು ಶಿಲೆಯಾದರೆ ಗೆರೆಯನ್ನು ನಂಬಬಹುದು. ಅಲ್ಲಿರುವವರು ಜನರಾದರೆ, ಅವರನ್ನೇ ಹೋಗಿ ಕೇಳಬೇಕು.