ಚಿಕ್ಕಮ್ಮನ ಟ್ರಂಕು ಮತ್ತು ವೆನಿಲ್ಲಾ ಸೆಂಟು

ಹೋದ ದಸರೆಗೆ ಮುಂಚೆ ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ನಾವು ಮೂವರು ಹೆಂಗಸರು ಸೆಂಟು ಕೊಳ್ಳಲು ನಿಂತಿದ್ದೆವು. ನಾನು, ಕುಣಿಗಲ್ಲಿನಿಂದ ಬಂದಿದ್ದ ಚಿಕ್ಕಮ್ಮ, ಮೊದಲ ಸಂಬಳದ ಹುಮ್ಮಸ್ಸಿನಲ್ಲಿದ್ದ ಅವಳ ಮೊಮ್ಮಗಳು. ಸೆಂಟು ಚಿಕ್ಕಮ್ಮನಿಗೆ. ಬೇಕೆಂದು ಅವಳೇನೂ ಬಾಯಿಬಿಟ್ಟು ಕೇಳಿರಲಿಲ್ಲ. ಅಜ್ಜಿಗೆ ವೆನಿಲ್ಲಾ ಸೆಂಟು ಕೊಡಿಸಿಯೇ ತೀರುತ್ತೇನೆಂದು ಹುಡುಗಿ ಹಟ ಹಿಡಿದಿದ್ದಳು. ಎಪ್ಪತ್ತೆರಡು ವರ್ಷದ ವಿಧವೆಗೆ ಸೆಂಟೇ ಎಂದು ನೀವು ಕೇಳಲಾರಿರಿ ಎಂದು ನಂಬಿದ್ದೇನೆ. ಅಂಗಡಿಯ ಹುಡುಗನ ಮುಖ ಮಾತ್ರ ಕೇಳುತ್ತಲೇ ಇತ್ತು.

ಅವನು ಕಾಗದದ ಪಟ್ಟಿಗೆ ಒಂದು ಶೀಶೆಯಿಂದ ಸಿಂಪಡಿಸಿ ಕೊಟ್ಟ. ಚಿಕ್ಕಮ್ಮ ಮೂಸಿ ಮುಖ ಹಿಂಡಿದಳು. "ಇದೇನೇ ಇದು, ಮಕ್ಕಳ ಬಿಸ್ಕತ್ತಿನ ಡಬ್ಬಿ ಮುಚ್ಚಳ ತೆಗೆದ ಹಾಗಿದೆ! ನನ್ನ ವೆನಿಲ್ಲಾ ಹೀಗಿತ್ತೇನೆ?"

ಹಾಗೆ ಕೇಳುವ ಹಕ್ಕು ಅವಳಿಗಿತ್ತು. ಗುಬ್ಬಿ ಎಂದರೆ ಹೊರಗಿನವರಿಗೆ ವೀರಣ್ಣನವರ ನಾಟಕ ಕಂಪನಿ. ನಮಗೆ ಚಿಕ್ಕಮ್ಮನ ಅಡಿಕೆ ತೋಟ. ಚಿಕ್ಕಪ್ಪ 1997ರಲ್ಲಿ ತೀರಿಕೊಂಡಾಗ ಅವಳಿಗೆ ನಲವತ್ತನಾಲ್ಕು. ಹೂವು ಹೋಯಿತು, ಕುಂಕುಮ ಹೋಯಿತು, ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವವರು ಅವಳನ್ನು ದಾಟಿಕೊಂಡು ಮುಂದೆ ಹೋಗತೊಡಗಿದರು. ಅವಳು ಒಂದು ದಿನವೂ ಇದರ ಬಗ್ಗೆ ಮಾತಾಡಲಿಲ್ಲ. ಸಾಲ ಮಾತ್ರ ಯಾರನ್ನೂ ದಾಟಿಕೊಂಡು ಹೋಗುವುದಿಲ್ಲವಲ್ಲ! ಆಗ ಮಲೆನಾಡಿನ ಕಡೆಯಿಂದ ವೆನಿಲ್ಲಾದ ಸುದ್ದಿ ನಮ್ಮ ಬಯಲುಸೀಮೆಗೂ ಬಂತು. ಅವಳು ಬಳ್ಳಿ ತಂದು ಗೊಬ್ಬರದ ಗಿಡಗಳಿಗೆ ಹಬ್ಬಿಸಿದಳು.

ವೆನಿಲ್ಲಾ ಮೆಕ್ಸಿಕೋ ಸೀಮೆಯ ಆರ್ಕಿಡ್ ಬಳ್ಳಿ. ಅಲ್ಲಿಯ ತೊತೊನಾಕ್ ಜನ ಇದನ್ನು ಬೆಳೆದರು, ಅಜ್ಟೆಕ್ ದೊರೆಗಳು ಕಹಿ ಕೋಕೋ ಪಾನೀಯಕ್ಕೆ ಬೆರೆಸಿ ಕುಡಿದರು. ಐಸ್‌ಕ್ರೀಮಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ ಅನ್ನಿ. ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಹೊರದೇಶಗಳಲ್ಲಿ ಬಳ್ಳಿ ಹಬ್ಬಿತು, ಹೂವೂ ಬಿಟ್ಟಿತು, ಕೋಡು ಮಾತ್ರ ಕಟ್ಟಲಿಲ್ಲ. ಹೂವಿನೊಳಗೆ ಗಂಡು ಹೆಣ್ಣಿನ ನಡುವೆ ತೆಳ್ಳನೆಯ ಪೊರೆಯೊಂದು ಅಡ್ಡವಿದೆ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಒಂದು ಕಡ್ಡಿಯಿಂದ ಆ ಪೊರೆ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ತೋರಿಸಿದ. ಇವತ್ತಿಗೂ ಲೋಕದ ವೆನಿಲ್ಲಾ ತೋಟಗಳು ನಡೆಯುವುದು ಆ ಹುಡುಗನ ಬೆರಳಿನ ಉಪಾಯದಿಂದಲೇ. 1848ರಲ್ಲಿ ಅವನಿಗೆ ಬಿಡುಗಡೆಯಾಯಿತು, ಆಲ್ಬಿಯಸ್ ಎಂಬ ಅಡ್ಡಹೆಸರು ಸಿಕ್ಕಿತು. 1880ರಲ್ಲಿ ಬಡವನಾಗಿಯೇ ಸತ್ತ.

ಅದೇ ಕೆಲಸವನ್ನು ಚಿಕ್ಕಮ್ಮ ತೆಂಗಿನ ಗರಿಯ ಕಡ್ಡಿ ಸೀಳಿಕೊಂಡು ಮಾಡುತ್ತಿದ್ದಳು. ಹೂವು ಅರಳುವುದು ಬೆಳಗ್ಗೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಒಂದೊಂದು ಹೂವನ್ನೂ ಮುಟ್ಟಬೇಕು. ಅಡಿಗೆಮನೆಗೆ ಹೋಗುವ ಮುಂಚೆ ಅವಳೂ ಕೂಲಿ ಹೆಣ್ಣುಮಕ್ಕಳೂ ತೋಟದಲ್ಲಿರುತ್ತಿದ್ದರು. "ಪುರೋಹಿತರ ಕೆಲಸ ಕಣೇ, ದಿನಾ ನೂರು ಮದುವೆ," ಎಂದು ನಗುತ್ತಿದ್ದಳು. ಮದುವೆಮನೆಗಳಲ್ಲಿ ಮೂಲೆ ಹಿಡಿದು ಕೂರುತ್ತಿದ್ದವಳು ಹಾಗೆ ನಕ್ಕದ್ದು ನನಗೆ ಈಗಲೂ ನೆನಪಿದೆ.

2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರಿನ ತೋಟಗಳನ್ನು ಕೆಡವಿತ್ತು. ಲೋಕದ ವೆನಿಲ್ಲಾದಲ್ಲಿ ದೊಡ್ಡ ಪಾಲು ಅಲ್ಲಿಯದೇ. ಬೆಲೆ ಏರುತ್ತಾ ಏರುತ್ತಾ 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೇ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಕಳ್ಳರ ಭಯಕ್ಕೆ ಚಿಕ್ಕಮ್ಮ ತೋಟದಲ್ಲೇ ಮಂಚ ಹಾಕಿಸಿಕೊಂಡು ಮಲಗಿದಳು. ಆ ಒಂದು ಫಸಲಿನಲ್ಲಿ ಮಗಳ ಮದುವೆ ಮಾಡಿದಳು. ಮುಂದಿನ ವರ್ಷ ಮುಂಗಡದ ಮಾತಾಡಿದ್ದ ವ್ಯಾಪಾರಿಯೊಬ್ಬ ಕೋಡು ಕೊಯ್ಯುವ ಹೊತ್ತಿಗೆ ತಲೆ ತಪ್ಪಿಸಿಕೊಂಡ. ಬೆಲೆ ನೂರರ ಆಸುಪಾಸಿಗೆ ಬಿದ್ದಿತ್ತು. ಬಳ್ಳಿ ಕಿತ್ತು ತಿಪ್ಪೆಗೆ ಹಾಕುವ ಮುಂಚೆ ಉಳಿದ ಕೋಡನ್ನು ಅವಳು ಮಾರಲಿಲ್ಲ, ಹದ ಮಾಡಿಟ್ಟಳು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಸಿ ಕೋಡಿಗೆ ಘಮವೇ ಇಲ್ಲ, ಹುರುಳಿಕಾಯಿಯ ಹಾಗೆ ಇರುತ್ತದೆ. ಅರವತ್ತೈದು ಡಿಗ್ರಿಗೆ ಮೀರದ ಬಿಸಿನೀರಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಒಂದಿಷ್ಟು ಹೊತ್ತು ಬಿಸಿಲು ಕಾಣಿಸಿ, ಆಮೇಲೆ ನೆರಳಲ್ಲಿ ಒಣಗಿಸಿ, ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಕು. ಆರು ಕಿಲೋ ಒಂದು ಕಿಲೋಗೆ ಇಳಿಯುತ್ತದೆ. ಕಪ್ಪಗೆ, ಎಣ್ಣೆಯ ಹೊಳಪಿನ ಆ ಕಡ್ಡಿಗಳನ್ನು ಚಿಕ್ಕಮ್ಮ ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಇಟ್ಟಳು. ಅದರ ವಾಸನೆ ಸಿಹಿಯೊಂದೇ ಅಲ್ಲ. ಬೆಲ್ಲದ ಪಾಕ, ಒಣದ್ರಾಕ್ಷಿ, ಹಳೇ ಮರದ ಬೀರು, ಹಿಂದೆ ಸ್ವಲ್ಪ ಹೊಗೆ. ಕುಣಿಗಲ್ ನಮ್ಮ ಅಮ್ಮ-ಚಿಕ್ಕಮ್ಮಂದಿರ ತವರು. ಅಲ್ಲಿಯ ಕುದುರೆ ಫಾರಂ ಬದಿಯಲ್ಲಿ ಬೆಳೆದ ಚಿಕ್ಕಮ್ಮ, "ಬಿಸಿಲಿಗೆ ಕಾದ ಚರ್ಮದ ಜೀನಿನ ವಾಸನೆ" ಎನ್ನುತ್ತಾಳೆ. ನಿಜ. ಒಂದು ನಾಮಕರಣದಲ್ಲಿ ಯಾರೋ, "ಗಂಡ ಸತ್ತವಳ ಸೀರೆಯಲ್ಲಿ ಎಂಥಾ ಘಮ!" ಎಂದರಂತೆ. ಅವಳು ಕಡ್ಡಿಗಳನ್ನು ಟ್ರಂಕಿನಿಂದ ತೆಗೆಯಲಿಲ್ಲ.

ಹಾಗಾದರೆ ಅಂಗಡಿಯ ಶೀಶೆಯಲ್ಲಿ ಬಿಸ್ಕತ್ತಿನ ವಾಸನೆ ಹೇಗೆ ಬಂತು? 1874ರಲ್ಲಿ ಟೀಮನ್ ಮತ್ತು ಹಾರ್ಮನ್ ಎಂಬ ಜರ್ಮನ್ ರಸಾಯನಜ್ಞರು ಪೈನ್ ಮರದ ರಸದಿಂದ ವೆನಿಲಿನ್ ತಯಾರಿಸಿದರು. ಕೋಡಿನ ನೂರಾರು ವಾಸನೆಗಳಲ್ಲಿ ಅದು ಒಂದೇ ಒಂದು, ಸಿಹಿಯದು. ಅಗ್ಗವಾಗಿ ಸಿಕ್ಕಿತು, ಬೇಕರಿಗೆ ಹೋಯಿತು, ಮಕ್ಕಳದಾಯಿತು. ಆದರೆ ಪ್ಯಾರಿಸಿನ ಗೆರ್ಲೈನ್ ಮನೆತನದವರು 1889ರ 'ಜಿಕಿ'ಯಲ್ಲಿ ಅದೇ ವೆನಿಲಿನ್ನನ್ನು ಲ್ಯಾವೆಂಡರಿನ ಜೊತೆ ಸೇರಿಸಿದರು. 1925ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಮೆರೆದ 'ಶಾಲಿಮಾರ್' ನಮ್ಮ ಮೊಗಲರ ಉದ್ಯಾನದ ಹೆಸರಿನದು. ಅದರಲ್ಲಿ ವೆನಿಲ್ಲಾಕ್ಕೆ ಹೊಗೆಯೂ ಚರ್ಮವೂ ಜೊತೆಯಾದವು. 1989ರಲ್ಲಿ ಅದೇ ಮನೆಯಿಂದ ಗಂಧ ಮಲ್ಲಿಗೆಗಳ ಸೆಂಟೊಂದು ಬಂತು, ತಳದಲ್ಲಿ ವೆನಿಲ್ಲಾ. ಹೆಸರು 'ಸಂಸಾರ'! ನಮ್ಮ ಸಂಸಾರಕ್ಕೆ ಒಗ್ಗರಣೆಯ ವಾಸನೆ ಬಿಟ್ಟರೆ ಬೇರೆ ಯಾವುದಿದೆ ಹೇಳಿ. 1992ರ 'ಏಂಜೆಲ್' ಬಂದ ಮೇಲೆ ಮಿಠಾಯಿ ವಾಸನೆಯ ಸೆಂಟುಗಳು ಸಾಲುಗಟ್ಟಿದವು. ಚಿಕ್ಕಮ್ಮ ಮುಖ ಹಿಂಡಿದ್ದು ಆ ಸಾಲಿನದಕ್ಕೆ.

"ಗಂಧವೋ ಲೋಬಾನವೋ ಸೇರಿದ್ದು ಕೊಡಪ್ಪ, ಕಾಗದಕ್ಕೆ ಬೇಡ, ಕೈಗೆ ಹಾಕು," ಎಂದೆ. ವೆನಿಲ್ಲಾ ಸೆಂಟಿನ ತಳದಲ್ಲಿ ಕೂತಿರುತ್ತದೆ. ಮೊದಲು ಮೂಗಿಗೆ ಬರುವುದು ನಿಂಬೆ, ಹೂವು ಇತ್ಯಾದಿ. ಅರ್ಧ ಗಂಟೆಯಾದರೂ ಕಾಯದೆ ಕೊಂಡರೆ ಮೋಸ ಹೋಗುವವರು ನಾವೇ. ಇನ್ನೊಂದು ಮಾತು: ಬಿಳಿ ರೇಷ್ಮೆಯ ಮೇಲೆ ಹಾಕಬೇಡಿ, ವೆನಿಲಿನ್ ಕಂದು ಕಲೆ ಮಾಡುತ್ತದೆ. ನಮ್ಮ ಬಿಸಿಲಿಗೆ ಒಂದು ಚಿಮುಕು ಧಾರಾಳ.

ಹುಡುಗನಿಗೆ ಬರುತ್ತೇವೆಂದು ಹೇಳಿ, ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು ಕಾಫಿ ಕುಡಿದೆವು. ಚಿಕ್ಕಮ್ಮ ಎಡಗೈಯನ್ನು ಮಡಿಯಲ್ಲಿಟ್ಟಂತೆ ದೂರ ಇಟ್ಟುಕೊಂಡಿದ್ದಳು. ಕಾಫಿ ಮುಗಿದ ಮೇಲೆ ಮಣಿಕಟ್ಟು ಮೂಗಿಗೆ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. "ಬಂತು ಕಣೇ. ಟ್ರಂಕಿನಷ್ಟಿಲ್ಲ. ಆದರೂ ಬಂತು." ಆಮೇಲೆ ಬೆಲೆ ಕೇಳಿ ಎದೆ ಹಿಡಿದುಕೊಂಡಳು. ಮೊಮ್ಮಗಳು ಅಷ್ಟರಲ್ಲಿ ರಸ್ತೆ ದಾಟಿ ಆಗಿತ್ತು.

ಸಂಜೆ ಹುಡುಗಿ ಕುಣಿಗಲ್ಲಿನಿಂದ ಫೋನು ಮಾಡಿದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು, "ಯಾವ ಹೂವು ಮುಡಿದಿದ್ದೀರಮ್ಮಾ?" ಎಂದು ಕೇಳಿದರಂತೆ. ಕೇಳಿದ ಮೇಲೆ ಇವಳ ಬೋಳು ತಲೆಗೂದಲು ನೋಡಿ ಆಕೆಗೆ ಸಂಕೋಚವೂ ಆಯಿತಂತೆ. ಅಜ್ಜಿ ಕೈಚೀಲ ಸರಿಮಾಡಿಕೊಳ್ಳುತ್ತಾ, "ಹೂವಲ್ಲ ತಾಯಿ, ಕೋಡು," ಎಂದು ಹೇಳಿ, ಗುಬ್ಬಿಯ ತೋಟದ ಕಥೆ ಶುರು ಮಾಡಿದವಳು ಕುಣಿಗಲ್ ಕೆರೆ ಏರಿ ಬರುವವರೆಗೂ ನಿಲ್ಲಿಸಲಿಲ್ಲವಂತೆ.