ಕರಿನೀರು ದಾಟಿದ ಹೆಂಗಸರು

ಟ್ರಿನಿಡಾಡ್ ಎಂಬ ಹೆಸರು ನಮ್ಮ ಮನೆಯೊಳಗೆ ಬಂದದ್ದು ಕ್ರಿಕೆಟ್ಟಿನ ಮೂಲಕ. 1976ರ ಏಪ್ರಿಲ್ ತಿಂಗಳಲ್ಲಿ ನಮ್ಮವರು ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಾಲ್ಕು ವಿಕೆಟ್ಟಿಗೆ 406 ರನ್ ಹೊಡೆದು ಗೆದ್ದರು. ಅದರಲ್ಲಿ ಭದ್ರಾವತಿಯ ವಿಶ್ವನಾಥ್ ಅವರದೇ 112. ಅಣ್ಣ ಪತ್ರಿಕೆಯ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದ. ಆ ಊರು ಎಲ್ಲಿದೆಯೋ ಎಂದರೆ, "ಭೂಮಿಯ ಆ ಕಡೆ" ಎಂದ.

ಮುಂದೆ ನಾನು ಸಮಾಜ ಪಾಠ ಹೇಳುವ ಟೀಚರಾದೆ. ವೆನೆಜುವೆಲಾದ ಪಕ್ಕದ ಆ ಚುಕ್ಕೆಯನ್ನು ಕೋಲಿನಿಂದ ಮುಟ್ಟಿ ಮುಂದೆ ಸಾಗುತ್ತಿದ್ದೆ. ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ವೆಸ್ಟ್ ಇಂಡೀಸ್ ಟೀಮಿನಲ್ಲಿ ಗಂಗಾ, ರಾಮ್‌ದಿನ್ ಅಂತೆಲ್ಲ ಹೆಸರಿದೆಯಲ್ಲ, ಅವರು ಅಲ್ಲಿಗೆ ಹೇಗೆ ಹೋದ್ರು?" ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಓದಬೇಕಾಯಿತು.

1498ರಲ್ಲಿ ಕೊಲಂಬಸ್ ಆ ದ್ವೀಪವನ್ನು ಕಂಡು, ತನ್ನ ಧರ್ಮದ ತ್ರಿಮೂರ್ತಿ ತತ್ವದ ಹೆಸರಿಟ್ಟ. ಅಲ್ಲಿ ಮೊದಲೇ ಜನರಿದ್ದರು, ಅವರನ್ನು ಯಾರೂ ಕೇಳಲಿಲ್ಲ. ಸ್ಪೇನಿನವರು ಆಳಿದರು. 1783ರ ನಂತರ ಫ್ರೆಂಚ್ ಜಮೀನುದಾರರು ಆಫ್ರಿಕದ ಗುಲಾಮರನ್ನು ಕಟ್ಟಿಕೊಂಡು ಬಂದರು. 1797ರಲ್ಲಿ ಬ್ರಿಟಿಷರು ಹಿಡಿದರು. 1838ರಲ್ಲಿ ಗುಲಾಮರು ಪೂರ್ತಿ ಬಿಡುಗಡೆ ಹೊಂದಿದಾಗ ಅವರಲ್ಲಿ ಅನೇಕರು ಆ ಕಬ್ಬಿನ ತೋಟಗಳನ್ನು ಬಿಟ್ಟು ನಡೆದರು. ಆಗ ಧಣಿಗಳ ಕಣ್ಣು ನಮ್ಮ ದೇಶದ ಮೇಲೆ ಬಿತ್ತು.

1845ರ ಮೇ 30ರಂದು 'ಫತೆಲ್ ರಜಾಕ್' ಹಡಗು ಇನ್ನೂರಕ್ಕೂ ಹೆಚ್ಚು ಜನರನ್ನು ಅಲ್ಲಿ ಇಳಿಸಿತು. ಕಲ್ಕತ್ತಾದಿಂದ ಮೂರು ತಿಂಗಳಿಗೂ ಮೀರಿದ ಪ್ರಯಾಣ. 1917ರವರೆಗೆ ಹೀಗೆ ಹೋದವರು ಸುಮಾರು 1,44,000 ಜನ, ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದವರು. ಐದು ವರ್ಷದ ಕರಾರು; ಚೀಟಿಯಿಲ್ಲದೆ ತೋಟದಾಚೆ ಕಾಲಿಟ್ಟರೆ ಜೈಲು.

ನನ್ನನ್ನು ತಡೆದು ನಿಲ್ಲಿಸಿದ್ದು ಹೆಂಗಸರ ಸಂಗತಿ. ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕೆಂದು ಸರ್ಕಾರದ ನಿಯಮವಿತ್ತು. ಹಾಗೆ ಹೋದವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿ ಹಡಗು ಹತ್ತಿದವರು: ವಿಧವೆಯರು, ಗಂಡ ಬಿಟ್ಟವರು, ಗಂಡನನ್ನು ಬಿಟ್ಟವರು.

ನಮ್ಮ ತಂದೆಯ ಸೋದರತ್ತೆಯ ನೆನಪಾಯಿತು. ಹದಿಮೂರಕ್ಕೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಅರವತ್ತು ವರ್ಷ ನಮ್ಮ ಅಡುಗೆಮನೆಯಲ್ಲೇ ಸವೆದಳು. ನಾವು 'ಮಡಿ ಅಜ್ಜಿ' ಎನ್ನುತ್ತಿದ್ದೆವು. ಊರ ಹೊಳೆಯಾಚೆಗೆ ಹೋದವಳಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎನ್ನುತ್ತಿದ್ದ ಕಾಲದಲ್ಲಿ ಅವಳಂಥ ಇನ್ನೊಬ್ಬಳು ಬರೀ ಒಂದು ಗಂಟು ಹಿಡಿದು ಹಡಗು ಹತ್ತಿದ್ದಳು!

ಅಲ್ಲೇನು ಸುಖ ಕಾದಿರಲಿಲ್ಲ. ಗಂಡಸರಿಗಿಂತ ಕಡಿಮೆ ಕೂಲಿ. ಹೆಂಗಸರು ಕಡಿಮೆಯಾದ್ದರಿಂದ ಅಸೂಯೆ, ಜಗಳ, ಕೊಲೆ. ಹಿಂದೂ ಮದುವೆಗೆ 1940ರ ದಶಕದವರೆಗೂ ಕಾನೂನಿನ ಮನ್ನಣೆಯಿರಲಿಲ್ಲ. ಶಾಸ್ತ್ರೋಕ್ತವಾಗಿ ಮದುವೆಯಾದವರ ಮಕ್ಕಳೂ ಕಾನೂನಿನ ಕಣ್ಣಿಗೆ ಅಕ್ರಮ ಸಂತಾನ. ಆದರೂ ಬೇರೂರಿದರು. ಒಂದೇ ಹಡಗಿನಲ್ಲಿ ಬಂದವರು 'ಜಹಾಜಿ' ಅಣ್ಣ-ತಂಗಿಯರಾದರು.

ಆ ದ್ವೀಪದ ಸೊಗಸೆಲ್ಲ ಇಂಥ ಕಷ್ಟದಿಂದಲೇ ಹುಟ್ಟಿದ್ದು. ಆಫ್ರಿಕ ಮೂಲದವರ ಡೋಲುಗಳಿಗೆ ನಿರ್ಬಂಧ ಬಂದಿತ್ತು. ಅವರ ಮಕ್ಕಳು ಎಣ್ಣೆಯ ಖಾಲಿ ಪೀಪಾಯಿ ಬಡಿದು 'ಸ್ಟೀಲ್ ಪ್ಯಾನ್' ವಾದ್ಯ ಮಾಡಿದರು. ಕಬ್ಬು ಕಡಿಯುತ್ತಿದ್ದ ಶಿವದಾಸ ಸಾಧು ಎಂಬಾತ ವಾಟರ್‌ಲೂ ಎಂಬಲ್ಲಿ ಕಟ್ಟಿದ ಗುಡಿಯನ್ನು, ಜಾಗ ಸಕ್ಕರೆ ಕಂಪನಿಯದೆಂದು ಕೆಡವಿ ಆತನನ್ನು ಜೈಲಿಗೂ ಕಳಿಸಿದರು. ನೆಲ ಕಂಪನಿಯದಾದರೂ ಸಮುದ್ರ ಕಂಪನಿಯದಲ್ಲವಲ್ಲ! ಹೊರಬಂದವನು ಸೈಕಲ್ಲಿನಲ್ಲಿ ಕಲ್ಲುಮಣ್ಣು ಸಾಗಿಸಿ, ವರ್ಷಗಟ್ಟಲೆ ದುಡಿದು, ಸಮುದ್ರದೊಳಗೇ ಗುಡಿ ಕಟ್ಟಿದ. ಬೆಳಗ್ಗೆ ಬೀದಿಬದಿಯಲ್ಲಿ ಎರಡು ಮೆತ್ತನೆಯ 'ಬಾರಾ'ಗಳ ನಡುವೆ ಕಡಲೆ ಪಲ್ಯವಿಟ್ಟು ಕೊಡುವ 'ಡಬಲ್ಸ್' ಇಂದು ಎಲ್ಲ ಬಣ್ಣದವರ ತಿಂಡಿ.

2010ರಲ್ಲಿ ಕಮಲಾ ಪರ್ಸಾದ್ ಬಿಸ್ಸೇಸರ್ ಆ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. 2012ರಲ್ಲಿ ಬಿಹಾರದ ಭೇಲುಪುರಕ್ಕೆ, ತಮ್ಮ ಹಿರಿಯರ ಹಳ್ಳಿಗೆ ಬಂದು ಕಣ್ಣೀರು ಹಾಕಿದರು. 2025ರಲ್ಲಿ ಮತ್ತೆ ಪ್ರಧಾನಿಯಾದರು. ಅದೇ ವರ್ಷ ದೇಶದ ಲಾಂಛನದಿಂದ ಕೊಲಂಬಸ್‌ನ ಹಡಗುಗಳನ್ನು ತೆಗೆದು ಆ ಜಾಗದಲ್ಲಿ ಸ್ಟೀಲ್ ಪ್ಯಾನ್ ಇಡಲು ಸಂಸತ್ತು ಒಪ್ಪಿತು.

ಇದನ್ನೆಲ್ಲ ತರಗತಿಯಲ್ಲಿ ಹೇಳುತ್ತಿರುತ್ತೇನೆ. "ಆ ಹೆಂಗಸರು ಪಾಪದವರಾ, ಧೈರ್ಯದವರಾ ಮಿಸ್?" ಎಂದು ಒಬ್ಬಳಾದರೂ ಕೇಳುತ್ತಾಳೆ.

"ಎರಡೂ ಕಣೇ" ಎನ್ನುತ್ತೇನೆ. ಮಡಿ ಅಜ್ಜಿಯ ಬಾಗಿಲಿಗೂ ಒಬ್ಬ ಏಜೆಂಟ್ ಬಂದಿದ್ದರೆ ಅವಳೇನು ಮಾಡುತ್ತಿದ್ದಳೋ, ಅದನ್ನು ಮಾತ್ರ ಇಂದಿಗೂ ಊಹಿಸಲಾರೆ.